ಏಳು ಮೀಟರ್ ಅರವತ್ತೇಳು

ಫೆಬ್ರವರಿ 9, ಭಾನುವಾರ
ಕಾಲೇಜಿನ ಕ್ರೀಡಾ ಕೊಠಡಿ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಚುಕ್ಕಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾನು ಕ್ಷೇಮ. ನನ್ನ ಎಡ ಮೊಣಕಾಲು ಕ್ಷೇಮವಾಗಿಲ್ಲ, ಅದು ತನ್ನ ಕಥೆಯನ್ನು ಬೇರೆಯೇ ಕಾಗದದಲ್ಲಿ ಬರೆದುಕೊಳ್ಳಲಿ.

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ವಿಸಲ್ಲುಗಳ ಡಬ್ಬಿಯಲ್ಲಿ, ಗಾಳಿ ಹೊಡೆಯುವ ಪಂಪಿನ ಪಕ್ಕದಲ್ಲಿ ಇಟ್ಟಿದ್ದೆ. ದಿನಾ ಬೆಳಗ್ಗೆ ವಿಸಲ್ ತೆಗೆಯಲು ಕೈ ಹಾಕಿದರೆ ಕಾಗದ ಕೈಗೆ ಬರುತ್ತಿತ್ತು. ಮತ್ತೆ ಒಳಗಿಡುತ್ತಿದ್ದೆ. ಮೊದಲು ಓಟದ ಸೀಸನ್, ಆಮೇಲೆ ಬ್ಯಾಸ್ಕೆಟ್‌ಬಾಲ್ ಸೀಸನ್, ಪುರುಸೊತ್ತಿರಲಿಲ್ಲ ಅಂತ ಬರೆದರೆ ನೀನು ನಂಬುತ್ತೀಯ, ಯಾಕೆಂದರೆ ನೀನು ಒಳ್ಳೆಯವಳು. ಆದರೆ ಅದು ಪೂರ್ತಿ ನಿಜವಲ್ಲ.

ನೀನು ಕೇಳಿದ್ದು ಚಿಕ್ಕ ಕೆಲಸ. ಮಗಳು ಕಾಲೇಜಿಗೆ ಕಾಲಿಟ್ಟ ವಾರವೇ ಓಟಕ್ಕೆ ಹೆಸರು ಕೊಟ್ಟು ಬಂದಿದ್ದಾಳೆ. "ನಮ್ಮ ಕಾಲಲ್ಲಿ ಅದು ಇಲ್ಲ ಕಣೇ, ನನ್ನನ್ನೇ ನೋಡು" ಅಂತ ನೀನು ಹೇಳಿದರೆ ಕೇಳುವುದಿಲ್ಲ. ದೊಡ್ಡಮ್ಮ ಅಂದರೆ ಅವಳಿಗೆ ಭಯಭಕ್ತಿ, ಮೇಲಾಗಿ ದೊಡ್ಡಮ್ಮ ಪಿ.ಟಿ. ಮೇಡಂ. ನಾನು ಎರಡು ಸಾಲು ಬರೆದು ಅವಳನ್ನು ಕೂರಿಸಬೇಕು. ಇಷ್ಟೇ ತಾನೆ?

ಬರೆಯುವುದಿಲ್ಲ, ಚುಕ್ಕಿ. ಯಾಕೆ ಅನ್ನುವುದಕ್ಕೆ ಇಡೀ ವರ್ಷದ ಕಥೆ ಹೇಳಬೇಕು. ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದುವ ನಿನ್ನ ಚಾಳಿಯನ್ನು ಇವತ್ತೊಂದು ದಿನ ಬಿಡು. ಮೊದಲಿನಿಂದ ಓದು.

ನಮ್ಮ ಕಾಲೇಜು ನಿನಗೆ ಗೊತ್ತೇ ಇದೆ. ಪದವಿಗೂ ಪೂರ್ವ, ಬುದ್ಧಿಗೂ ಪೂರ್ವ. ಜೂನಿಯರ್ ಕಾಲೇಜಿನಲ್ಲಿ ವರ್ಷ ವರ್ಷವೂ ಸೀನಿಯರ್ ಆಗುತ್ತಿರುವವಳು ನಾನೊಬ್ಬಳೇ. ಹುಡುಗಿಯರು ಎರಡು ವರ್ಷಕ್ಕೆ ಹೊರಟುಹೋಗುತ್ತಾರೆ. ಆಟಕ್ಕೆ ಬರುವವರು ಒಂಬತ್ತೇ ಜನ. ಅಕ್ಟೋಬರಿನವರೆಗೆ ಆ ಒಂಬತ್ತು ಜನ ಓಡುತ್ತಾರೆ, ನವೆಂಬರಿನಿಂದ ಅದೇ ಒಂಬತ್ತು ಜನ ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ದೊಡ್ಡ ಕಾಲೇಜುಗಳಲ್ಲಿ ಎರಡು ತಂಡ, ನಮ್ಮಲ್ಲಿ ಎರಡು ಜೊತೆ ಬೂಟು.

ಈ ಸಲದ ಕ್ಯಾಪ್ಟನ್ ಒಬ್ಬ ಬಡಗಿಯ ಮಗಳು. ತಂಡದವರು ಅವಳಿಗಿಟ್ಟ ಹೆಸರು ಮೂಲೆಮಟ್ಟ. ಅಪ್ಪನ ಪೆಟ್ಟಿಗೆಯಲ್ಲಿರುವ, ಮರದ ಮೂಲೆ ನೇರವಿದೆಯೇ ಅಂತ ನೋಡುವ ಆ ಸಾಮಾನಿನ ಹಾಗೆಯೇ ಇವಳು, ಯಾವುದನ್ನು ಕಂಡರೂ ನೆಟ್ಟಗಿದೆಯೋ ಇಲ್ಲವೋ ಅಂತ ನೋಡದೆ ಮುಂದೆ ಹೋಗುವುದಿಲ್ಲ. ಮೊದಲ ವಾರವೇ "ಮೇಡಂ, ಈ ರಿಂಗು ಎರಡು ಬೆರಳು ತಗ್ಗಿದೆ" ಅಂದಳು. ಏಣಿ ಹಾಕಿ ಅಳೆದರೆ ಎರಡು ಬೆರಳು ತಗ್ಗೇ ಇತ್ತು. ನನ್ನ ಮೇಜಿನ ಒಂದು ಕಾಲು ಗಿಡ್ಡ ಅಂದಳು. ಹದಿನೈದು ವರ್ಷದಿಂದ ನನ್ನ ಕೈಬರಹವೇ ಡೊಂಕು ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ನಾನೂರು ಮೀಟರಿನ ಟ್ರಯಲ್ ಆಯಿತು. ರಾಜ್ಯಮಟ್ಟದ ಕೂಟಕ್ಕೆ ಹೆಸರು ಕಳಿಸಬೇಕಾದರೆ ಅರವತ್ತೆರಡು ಸೆಕೆಂಡಿನೊಳಗೆ ಬರಬೇಕು, ನಿನ್ನ ಕಾಲದಲ್ಲಿದ್ದ ಮಿತಿಯೇ. ಮೂಲೆಮಟ್ಟ ಅರವತ್ತೆರಡು ಪಾಯಿಂಟ್ ಆರಕ್ಕೆ ಬಂದಳು. ನಾನು ಗಡಿಯಾರ ತೋರಿಸಿದೆ. ಅವಳು ಅಳಲಿಲ್ಲ, ನೆಪ ಹೇಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಟ್ರ್ಯಾಕನ್ನು ಒಂದು ಸುತ್ತು ನೋಡಿ ಹೇಳಿದಳು: "ಮೇಡಂ, ದಾರಿ ಉದ್ದ ಇದೆ."

ನಾನು ಏನು ಮಾಡಿದೆ ಗೊತ್ತೇ? ನಕ್ಕೆ. "ದಾರಿ ಉದ್ದ ಇಲ್ಲಮ್ಮ, ನಿನ್ನ ಉಸಿರು ಗಿಡ್ಡ" ಅಂದೆ. ಹುಡುಗಿಯರೂ ನಕ್ಕರು. ಮೂಲೆಮಟ್ಟ ನಗಲಿಲ್ಲ. ಬೇರೆ ಕಾಲೇಜುಗಳ ಮೈದಾನದಲ್ಲಿ ತಾನು ಪ್ರತಿ ಸಲ ಒಂದು ಸೆಕೆಂಡಿಗಿಂತ ಜಾಸ್ತಿ ಬೇಗ ಬರುತ್ತೇನೆ, ಇಲ್ಲಿ ಮಾತ್ರ ಯಾಕೆ ನಿಧಾನ ಅಂತ ಕೇಳಿದಳು. ಬೇರೆ ಊರಿನ ಗಾಳಿ ನಮ್ಮ ಹುಡುಗಿಯರಿಗೆ ಹಿಡಿಸುತ್ತದೆ ಅನ್ನುವುದು ಇಷ್ಟು ವರ್ಷ ನಾನು ಕೊಡುತ್ತಿದ್ದ ಉತ್ತರ. ಇವಳಿಗೂ ಅದನ್ನೇ ಕೊಟ್ಟೆ. ಆದರೆ ಕೊಠಡಿಗೆ ಬಂದು ಕೂತಮೇಲೆ ಆ ಮೂರು ಪದ ಕಿವಿಯಲ್ಲೇ ನಿಂತಿದ್ದವು. ಅವನ್ನು ಮುಂಚೆ ಒಮ್ಮೆ ಕೇಳಿದ್ದೆ. ಎಲ್ಲಿ ಅಂತ ನಿನಗೆ ಈಗಾಗಲೇ ಹೊಳೆದಿರಬಹುದು. ಹೊಳೆದಿದ್ದರೂ ಸುಮ್ಮನೆ ಓದುತ್ತಾ ಹೋಗು.

ಆ ವಾರವೇ ಬಡಗಿ ಮೂವತ್ತು ಮೀಟರಿನ ಉಕ್ಕಿನ ಟೇಪು, ಒಂದು ಡಬ್ಬಿ ಮೊಳೆ ಹಿಡಿದು ಮಗಳ ಹಿಂದೆ ಬಂದರು. ಓಡುವವರ ಕಾಲು ಗೆರೆಯ ಮೇಲೇ ಬೀಳುವುದಿಲ್ಲವಲ್ಲ, ಅದಕ್ಕೆ ಒಳಗೆರೆಯಿಂದ ಒಂದು ಗೇಣು ಹೊರಗೆ ಅಳೆಯಬೇಕು ಅಂತ ನಾನೇ ಪಾಠ ಹೇಳಿದೆ. ಅವರು ತಿರುವಿನಲ್ಲಿ ಒಂದೊಂದು ಮೊಳೆ ನೆಟ್ಟು, ಟೇಪನ್ನು ಮೊಳೆಗಳಿಗೆ ತಾಗಿಸಿಕೊಂಡು ಸುತ್ತು ಬಂದರು. ಒಂದು ಸಲ ಅಳೆದರು. ಇನ್ನೊಂದು ಸಲ ಅಳೆದರು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಂಗೈಯಲ್ಲಿ ಬರೆದು ತೋರಿಸಿದರು. ನಾನೂರ ಏಳು ಮೀಟರ್ ಅರವತ್ತೇಳು ಸೆಂಟಿಮೀಟರ್.

"ಬಾಗಿಲಲ್ಲಿ ನಾವು ಇಷ್ಟು ತಪ್ಪು ಮಾಡಿದರೆ ಜನ ಮನೆಯೊಳಗೇ ಹೋಗಕ್ಕಾಗಲ್ಲ ಮೇಡಂ" ಅಂದರು. ಆಮೇಲೆ ನನ್ನ ಮುಖ ನೋಡಿ, ಸಮಾಧಾನಕ್ಕೆಂದು, "ಮಾಡಿದೋರು ಯಾರೋ, ಆದರೆ ಭಾಳ ನೀಟಾಗಿ ಮಾಡಿದಾರೆ. ಸುತ್ತಲೂ ಒಂದೇ ಸಮ ತಪ್ಪಿದೆ" ಅಂದರು.

ಆ ನೀಟು ನಾನೇ, ಚುಕ್ಕಿ. ಅಳೆಯಲು ಬಂದವರು ನನ್ನನ್ನು ಅಳಿಸಿ ಹೋದರು.

ನಿನಗೆ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಮೂರು ಸಿಮೆಂಟ್ ಮೆಟ್ಟಿಲು ನೆನಪಿರಬೇಕು. ನೀನು ಎರಡನೇ ವರ್ಷಕ್ಕೆ ಬಂದಾಗ ಅವು ಹೊಚ್ಚ ಹೊಸವು. ಆಗಿನ ಪ್ರಿನ್ಸಿಪಾಲರಿಗೆ ತಮ್ಮ ಕಿಟಕಿಯಿಂದಲೇ ಆಟ ಕಾಣಬೇಕಿತ್ತು, ಹಾಗಾಗಿ ಇಡೀ ಮೈದಾನ ಬಿಟ್ಟು ಅಂಕಣವನ್ನು ಟ್ರ್ಯಾಕಿನ ತಿರುವಿಗೆ ಒತ್ತಿ ಕಟ್ಟಿಸಿದರು. ನಮ್ಮಲ್ಲಿ ಕೋರ್ಟಿನ ವಿಷಯ ಕೋರ್ಟಿನಲ್ಲಿ ತೀರ್ಮಾನವಾಗುವುದಿಲ್ಲ, ಕಿಟಕಿಯಲ್ಲಿ ಆಗುತ್ತದೆ. ನೋಡುವವರು ಕೂರಲು ಹಾಕಿದ ಮೆಟ್ಟಿಲು ಟ್ರ್ಯಾಕಿನ ಒಳಗಿನ ಲೇನನ್ನು ನುಂಗಿತು. ಎಂಟು ಲೇನಿನಲ್ಲಿ ಒಂದು ಹೋದರೆ ಏಳು, ಅದರಲ್ಲೇನು ಅಂತ ನಾನು ಒಂದು ಮಧ್ಯಾಹ್ನ ಬ್ರಶ್ಶು ಹಿಡಿದು ಕೂತೆ. ಎರಡನ್ನು ಒಂದು ಮಾಡಿದೆ, ಮೂರನ್ನು ಎರಡು ಮಾಡಿದೆ, ಹೀಗೇ ಎಂಟರವರೆಗೆ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹೊರಗಿನ ಲೇನಿಗೆ ಹೋದಷ್ಟೂ ಸುತ್ತು ದೊಡ್ಡದು, ಅದಕ್ಕೇ ಅಲ್ಲಿ ಶುರುವಿನ ಗೆರೆ ಮುಂದಿರುತ್ತದೆ. ನಾನು ಅಚ್ಚುಕಟ್ಟಿನವಳು ನೋಡು, ಒಂದನೇ ಲೇನು ಅಂದಮೇಲೆ ಒಂದನೇ ಲೇನಿನ ಗೆರೆಯೇ ಇರಬೇಕು ಅಂತ ಹಳೆಯ ಗೆರೆಗಳನ್ನೆಲ್ಲ ಒರೆಸಿ ಹಿಂದಕ್ಕೆ ತಂದು ಎಳೆದೆ. ಎಲ್ಲರಿಗೂ ಸಮನಾಗಿ ಏಳು ಮೀಟರ್ ಅರವತ್ತೇಳು ಹೆಚ್ಚಿಗೆ ಓಡಿಸಿದೆ. ಎಲ್ಲರೂ ಅಷ್ಟೇ ಓಡುತ್ತಿದ್ದುದರಿಂದ ಮೊದಲು ಬಂದವಳು ಮೊದಲೇ, ಕೊನೆಯವಳು ಕೊನೆಯೇ. ಗಡಿಯಾರ ಮಾತ್ರ ಇಪ್ಪತ್ತಮೂರು ವರ್ಷ ಸುಳ್ಳು ಹೇಳಿತು, ನನ್ನ ಕೈಯಲ್ಲಿ ಕೂತು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಈಗಿನವರು ಕೆಟ್ಟವರಲ್ಲ. ರಸಾಯನಶಾಸ್ತ್ರದವರು, ಯಾವುದನ್ನೂ ಕಲಕಬಾರದು ಅನ್ನುವ ಪಂಥ. ತಪಾಸಣಾ ಸಮಿತಿ ಬರುವುದಿತ್ತು. ಅವರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ರಜೆಯಲ್ಲಿ ಗೆರೆ ಜರುಗಿಸಿಬಿಡಿ ಮೇಡಂ. ಸುಣ್ಣದ ಗೆರೆ ತಾನೆ, ಯಾರಿಗೆ ಗೊತ್ತಾಗತ್ತೆ?"

"ಓಡಿದವರಿಗೆ ಗೊತ್ತಾಗಬೇಕಲ್ಲ ಸರ್."

"ಅವರೆಲ್ಲ ಈಗ ಎಲ್ಲೆಲ್ಲೋ ಇದಾರೆ. ಮಕ್ಕಳು ಮರಿ ಆಗಿರತ್ತೆ. ಮರೆತಿರ್ತಾರೆ."

"ಒಬ್ಬಳು ಮರೆತಿಲ್ಲ ಸರ್. ಅವಳ ಕಾಗದ ನನ್ನ ವಿಸಲ್ ಡಬ್ಬಿಯಲ್ಲಿದೆ."

ಅವರಿಗೆ ಅರ್ಥವಾಗಲಿಲ್ಲ. ಮೂಲೆಮಟ್ಟಳಿಗಾದರೂ ಸರಿಯಾದ ದೂರಕ್ಕೆ ಇನ್ನೊಂದು ಟ್ರಯಲ್ ಇಡೋಣ ಅಂದೆ. ಒಂದು ವರ್ಷಕ್ಕೆ ಒಂದೇ ಟ್ರಯಲ್, ಇನ್ನೊಂದಿಟ್ಟರೆ ಯಾಕೆ ಅಂತ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಕಾಲೇಜಿನ ಘನತೆ ಏನಾಗಬೇಕು ಅಂತ ಕೈ ಚೆಲ್ಲಿದರು. ಘನ ಹೋದರೆ ದ್ರವ ಇದೆ, ಅದೂ ಹೋದರೆ ಅನಿಲ ಇದೆ, ನಿಮ್ಮದೇ ಶಾಸ್ತ್ರವಲ್ಲವೇ ಅಂತ ಬಾಯಿಗೆ ಬಂದಿತ್ತು. ಆ ಹೊತ್ತಿಗೆ ನಾಲಿಗೆ ಕಚ್ಚಿಕೊಂಡೆ. ತಮಾಷೆ ಮಾಡಿ ಕೆಡಿಸಿದ್ದು ಸಾಕಾಗಿತ್ತು.

ಎರಡು ತಿಂಗಳು ಅವರ ಬಾಗಿಲಿಗೆ ಅಲೆದೆ. ಅಷ್ಟರಲ್ಲಿ ಬೂಟು ಬದಲಾಯಿತು, ಬ್ಯಾಸ್ಕೆಟ್‌ಬಾಲ್ ಶುರುವಾಯಿತು, ಹುಡುಗಿಯರು ಗೆಲ್ಲುತ್ತಾ ಹೋದರು. ಜನವರಿಯ ಕೊನೆಯ ಶನಿವಾರ ನಮ್ಮ ಅಂಕಣದಲ್ಲೇ ಸೆಮಿಫೈನಲ್. ಓಟದ ಅರ್ಜಿ ಕಳಿಸಲು ಸೋಮವಾರ ಕೊನೆಯ ದಿನ. ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ನಿಯಮವಿದೆ: ಕಾಲೇಜಿನ ಟ್ರಯಲ್ ಅಲ್ಲದಿದ್ದರೂ ಆಯಿತು, ಹೊರಗಿನ ಇಬ್ಬರು ಅಧಿಕೃತ ತೀರ್ಪುಗಾರರು ಗಡಿಯಾರ ಹಿಡಿದು ಸಹಿ ಮಾಡಿದರೆ ಸಾಕು. ಹೊರಗಿನ ತೀರ್ಪುಗಾರರು ನಮ್ಮ ಗೇಟಿನೊಳಗೆ ಕಾಲಿಡುವುದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಮಾತ್ರ. ಈ ಪಂದ್ಯಕ್ಕೆ ಬರುವ ಇಬ್ಬರೂ ಓಟದ ತೀರ್ಪುಗಾರರ ಪರೀಕ್ಷೆಯನ್ನೂ ಪಾಸು ಮಾಡಿಕೊಂಡವರು. ಪಂದ್ಯದ ನಡುವೆ ವಿರಾಮ ಹತ್ತು ನಿಮಿಷ. ನಾನೂರು ಮೀಟರಿಗೆ ಬೇಕಾದದ್ದು ಒಂದೇ ನಿಮಿಷ, ಚಿಲ್ಲರೆ.

ಆದರೆ ಅರ್ಧ ಪಂದ್ಯ ಆಡಿದ ಕಾಲು ಹೇಗೆ ಓಡುತ್ತದೆ? ಎರಡನೇ ಕ್ವಾರ್ಟರ್ ಪೂರ್ತಿ ಅವಳನ್ನು ಬೆಂಚಿನಲ್ಲಿ ಕೂರಿಸಬೇಕು. ಕ್ಯಾಪ್ಟನ್ ಇಲ್ಲದೆ ಹತ್ತು ನಿಮಿಷ ಆಡಿದರೆ ಫೈನಲ್ ಕೈ ತಪ್ಪಬಹುದು. ನಮ್ಮ ಕಾಲೇಜು ಫೈನಲ್ ನೋಡಿ ಹನ್ನೊಂದು ವರ್ಷವಾಗಿತ್ತು. ಇದನ್ನು ನಾನು ತೀರ್ಮಾನಿಸುವುದು ಸರಿಯಲ್ಲ ಅಂತ ಶುಕ್ರವಾರ ಒಂಬತ್ತೂ ಜನರನ್ನು ಈ ಕೊಠಡಿಯಲ್ಲಿ ಕೂರಿಸಿ ಎಲ್ಲ ಹೇಳಿದೆ, ಬ್ರಶ್ಶಿನ ಮಧ್ಯಾಹ್ನವನ್ನೂ ಬಿಡದೆ. ಮೂಲೆಮಟ್ಟ ಬೇಡವೇ ಬೇಡ ಅಂದಳು. ಅವಳನ್ನು ಹೊರಗೆ ಕಳಿಸಿ ಓಟಕ್ಕೆ ಓಟು ಹಾಕಿಸಿದೆ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು, ಏಣಿ ಅನ್ನುತ್ತಾರೆ, ಮೊದಲು ಕೈ ಎತ್ತಿದಳು. ಅವಳು ಕೈ ಎತ್ತಿದರೆ ಫ್ಯಾನಿಗೆ ತಾಗುತ್ತದೆ. "ಕಪ್ ಬಂದರೆ ಧೂಳು ಒರೆಸೋರು ಯಾರು ಮೇಡಂ, ನಾವೇ ತಾನೆ? ಅವಳು ಓಡಲಿ" ಅಂದಳು. ಎಂಟೂ ಕೈ ಮೇಲಿದ್ದವು.

ಶನಿವಾರ ಬೆಳಗ್ಗೆ ಬಡಗಿ ಬಂದು ಶುರುವಿನ ಗೆರೆಯನ್ನು ಏಳು ಮೀಟರ್ ಅರವತ್ತೇಳು ಮುಂದಕ್ಕೆ ಎಳೆದುಕೊಟ್ಟರು. ಬಂದ ತೀರ್ಪುಗಾರರಿಗೆ ವಿಷಯ ಹೇಳಿ ಟೇಪು ಕೈಗೆ ಕೊಟ್ಟೆ. ಅವರೂ ಅಳೆದು ನೋಡಿ ಒಪ್ಪಿದರು. ಮಧ್ಯಾಹ್ನ ಪಂದ್ಯ. ಮೂರು ಮೆಟ್ಟಿಲ ಮೇಲೂ ಜನ, ಮುಂದಿನ ಕುರ್ಚಿಗಳಲ್ಲಿ ಪ್ರಿನ್ಸಿಪಾಲರು, ಪಕ್ಕದಲ್ಲಿ ಮುಖ್ಯ ಅತಿಥಿಗಳು. ಮೊದಲ ಕ್ವಾರ್ಟರಿನಲ್ಲಿ ನಾವು ಆರು ಪಾಯಿಂಟ್ ಮುಂದಿದ್ದೆವು. ಎರಡನೆಯದರಲ್ಲಿ ಮೂಲೆಮಟ್ಟಳನ್ನು ಕೂರಿಸಿದೆ. ಎದುರು ತಂಡದ ಕೋಚು ಇದೇನೋ ದೊಡ್ಡ ತಂತ್ರವಿರಬೇಕು ಅಂತ ನನ್ನನ್ನೇ ನೋಡುತ್ತಿದ್ದರು. ವಿರಾಮದ ವಿಸಲ್ ಆದಾಗ ನಾವು ಐದು ಹಿಂದೆ.

ನಾನು ಮೈಕು ತೆಗೆದುಕೊಂಡೆ. ಭಾಷಣ ತಯಾರಿಸಿರಲಿಲ್ಲ. ಈ ಟ್ರ್ಯಾಕು ಇಪ್ಪತ್ತಮೂರು ವರ್ಷದಿಂದ ಏಳು ಮೀಟರ್ ಅರವತ್ತೇಳು ಸೆಂಟಿಮೀಟರ್ ಹೆಚ್ಚು ಉದ್ದವಿದೆ, ಗೆರೆ ಎಳೆದವಳು ನಾನು, ಇಷ್ಟು ವರ್ಷ ಇಲ್ಲಿ ಸೋತವರಲ್ಲಿ ಅನೇಕರು ಸೋತಿರಲಿಲ್ಲ, ಇವತ್ತು ನಮ್ಮ ಕ್ಯಾಪ್ಟನ್ ಸರಿಯಾದ ದೂರ ಓಡುತ್ತಾಳೆ, ದಯವಿಟ್ಟು ಮೆಟ್ಟಿಲ ಮೇಲಿರುವವರು ಕಾಲು ಮಡಚಿಕೊಳ್ಳಿ. ಇಷ್ಟೇ ಹೇಳಿದ್ದು. ಪ್ರಿನ್ಸಿಪಾಲರು ಅರ್ಧ ಎದ್ದು ನಿಂತಿದ್ದರು. ಅತಿಥಿಗಳು ಚಪ್ಪಾಳೆ ತಟ್ಟಿದ್ದರಿಂದ ಅದೇ ಭಂಗಿಯಲ್ಲಿ ತಾವೂ ತಟ್ಟಬೇಕಾಯಿತು.

ಓಡಿದಳು, ಚುಕ್ಕಿ. ಏಳನೇ ನಂಬರಿನ ಸಡಿಲ ಬನಿಯನ್ನಿನಲ್ಲಿ, ಎದುರಾಳಿಯೇ ಇಲ್ಲದೆ, ಒಬ್ಬಳೇ. ನೂರಾರು ಜನ ಗಲಾಟೆ ಮಾಡುವವರು ಒಬ್ಬಳ ಹೆಜ್ಜೆ ಸಪ್ಪಳ ಕೇಳಿಸಿಕೊಂಡರು. ಕೊನೆಯ ತಿರುವಿನಲ್ಲಿ ಅವಳ ಭುಜ ಬಿಗಿಯಾಗುವುದು ಕಂಡಿತು, ಅಲ್ಲಿ ಎಲ್ಲರಿಗೂ ಆಗುತ್ತದೆ. ಏಣಿ ಅಂಕಣದ ಅಂಚಿನಲ್ಲಿ ಅವಳ ಜೊತೆಗೇ ಓಡುತ್ತಾ ಏನೋ ಬೈಯುತ್ತಿದ್ದಳು. ಮೂರು ಗಡಿಯಾರ ಇದ್ದವು, ಎರಡು ತೀರ್ಪುಗಾರರ ಕೈಯಲ್ಲಿ, ಒಂದು ಎದುರು ತಂಡದ ಕೋಚಿನ ಕೈಯಲ್ಲಿ, ನಾನು ಒಂದನ್ನೂ ಮುಟ್ಟಿರಲಿಲ್ಲ. ಎರಡರಲ್ಲಿ ಅರವತ್ತೊಂದು ಪಾಯಿಂಟ್ ಎಂಟು, ಒಂದರಲ್ಲಿ ಒಂಬತ್ತು.

ಮುಖ್ಯ ಅತಿಥಿಗಳು ಪ್ರಿನ್ಸಿಪಾಲರ ಬೆನ್ನು ತಟ್ಟಿ, ತಪ್ಪನ್ನು ಹೀಗೆ ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುವ ಸಂಸ್ಥೆಯನ್ನು ತಾವು ಕಂಡೇ ಇಲ್ಲ ಅಂದರಂತೆ. ಆ ಬಿಸಿಯಲ್ಲೇ ಅರ್ಜಿ ಮುಂದಿಟ್ಟೆ. ಪ್ರಿನ್ಸಿಪಾಲರು ನಗುತ್ತಲೇ ಸಹಿ ಹಾಕಿ ಮೊಹರು ಒತ್ತಿದರು. ಅಷ್ಟು ಜೋರಾಗಿ ಒತ್ತಿದ ಮೊಹರನ್ನು ನಾನು ನೋಡಿಲ್ಲ.

ಪಂದ್ಯ ಸೋತೆವು. ಮೂರು ಪಾಯಿಂಟಿನಲ್ಲಿ. ಮೂಲೆಮಟ್ಟಳ ಕಾಲಲ್ಲಿ ಏನೂ ಉಳಿದಿರಲಿಲ್ಲ, ಕೊನೆಯ ಎರಡು ಚೆಂಡು ರಿಂಗಿಗೆ ತಾಗಿ ಆಚೆ ಬಿದ್ದವು. ಇದರಲ್ಲಿ ಸಿಹಿ ಸವರುವುದು ನನಗೆ ಬೇಡ. ಫೈನಲ್ ಹೋಯಿತು, ಏಣಿ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಆಮೇಲೆ ಅದೇ ಟವಲ್ಲನ್ನು ಮೂಲೆಮಟ್ಟಳಿಗೆ ಎಸೆದು "ಮುಂದಿನ ತಿಂಗಳು ಅಲ್ಲಿ ಹೋಗಿ ಕೊನೆಗೆ ಬಂದೆಯೋ, ನೋಡ್ಕೋತೀನಿ" ಅಂದಳು.

ಸೋಮವಾರ ಅರ್ಜಿ ಹೋಯಿತು, ಮೆಮೊ ಬಂತು. ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಸಂಸ್ಥೆಯ ಘನತೆಗೆ ಕುಂದು ತಂದದ್ದಕ್ಕೆ ಮೂರು ದಿನದಲ್ಲಿ ವಿವರಣೆ ಕೊಡತಕ್ಕದ್ದು. ಅದರ ಕೆಳಗೇ ಉತ್ತರ ಬರೆದು ವಾಪಸು ಕಳಿಸಿದೆ: "ಇಪ್ಪತ್ತಮೂರು ವರ್ಷ ಗಮನಿಸದೆ ಇದ್ದದ್ದಕ್ಕೆ ವಿವರಣೆ ಕೇಳಿ, ಎಷ್ಟು ಪುಟ ಬೇಕಾದರೂ ಕೊಡುತ್ತೇನೆ. ಹೇಳಿದ್ದಕ್ಕೆ ವಿವರಣೆ ಇಲ್ಲ." ಜೂನಿನಿಂದ ನನ್ನನ್ನು ಮೈದಾನ ಬಿಡಿಸಿ ಗ್ರಂಥಾಲಯಕ್ಕೆ ಹಾಕುತ್ತಾರಂತೆ. ಹಾಕಲಿ. ಓದಿಸುವ ಕಡೆ ಓಡಿಸುತ್ತೇನೆ. ನಿವೃತ್ತಿಗೆ ಇನ್ನೂ ಹತ್ತು ವರ್ಷವಿದೆ, ಇಷ್ಟು ದಿನ ವೃತ್ತ ಸುತ್ತಿದವಳು ಅಷ್ಟು ಬೇಗ ಸುಸ್ತಾಗುವುದಿಲ್ಲ. ಶುರುಗೆರೆಗೆ ಈಗ ಸುಣ್ಣವಲ್ಲ, ಬಿಳಿ ಪೇಂಟು ಹಾಕಿಸಿದ್ದೇನೆ. ಮೊಳೆಗಳನ್ನೂ ಕೀಳಲು ಬಿಟ್ಟಿಲ್ಲ. ಯಾರು ಬೇಕಾದರೂ ಬಂದು ಅಳೆಯಲಿ.

ಮೂಲೆಮಟ್ಟ ಬರುವ ಶುಕ್ರವಾರ ರಾಜ್ಯಮಟ್ಟದಲ್ಲಿ ಓಡುತ್ತಾಳೆ. ಗೆಲ್ಲುತ್ತಾಳೋ ಇಲ್ಲವೋ, ಅಲ್ಲಿಯ ಟ್ರ್ಯಾಕನ್ನು ಅಳೆಯದೆ ಓಡುವುದಿಲ್ಲ ಅನ್ನುವುದಂತೂ ಖಂಡಿತ.

ಇನ್ನು ನಾನು ಮಾಡುತ್ತಿರುವ ಕೆಲಸ. ಇಪ್ಪತ್ತಮೂರು ವರ್ಷದ ಟ್ರಯಲ್ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ, ನಾನೂರು ಮೀಟರಿನ ಪ್ರತಿ ಸಮಯವನ್ನೂ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಮಿತಿಯೊಳಗೆ ಬಂದಿದ್ದೂ ಹೋಗಲಾಗದವರು ಹತ್ತೊಂಬತ್ತು ಜನ. ಹುಡುಕಿ ಹುಡುಕಿ ಒಬ್ಬೊಬ್ಬರಿಗೂ ಕಾಗದ ಬರೆದೆ. ಒಬ್ಬಳು ಬಸ್ ಕಂಡಕ್ಟರ್ ಆಗಿದ್ದಾಳೆ, ಉತ್ತರದಲ್ಲಿ ನನ್ನನ್ನು ಎರಡು ಪುಟ ಬೈದಿದ್ದಾಳೆ. ಅದನ್ನು ನೋಟೀಸ್ ಬೋರ್ಡಿಗೆ ಹಚ್ಚಿದ್ದೇನೆ. ಹದಿನೆಂಟು ಕಾಗದ ಹೋಗಿವೆ. ಇದು ಹತ್ತೊಂಬತ್ತನೆಯದು.

ಅದಕ್ಕೇ ನಾಲ್ಕು ತಿಂಗಳು ತಡ, ತಂಗಿ.

ಮನೆಯವರಿಗೆ ನನ್ನ ನಮಸ್ಕಾರ ಹೇಳು. ಮಗಳ ಕಾಲಿಗೆ, ಉಸಿರಿಗೆ, ಹಟಕ್ಕೆ ದೊಡ್ಡಮ್ಮನ ಆಶೀರ್ವಾದ. ನಿನಗೂ, ನೀನು ತೆಗೆದುಕೊಳ್ಳುವುದಾದರೆ.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ವರ್ಷದ ಪುಸ್ತಕದಲ್ಲಿ ಮೊದಲ ಸಾಲು ನಿನ್ನದೇ. ಹೊಸ ಗೆರೆಯ ಮೇಲೆ ಎಲ್ಲರಿಗಿಂತ ಮೊದಲು ಓಡಿದವಳು ನೀನು. ಹಿಂದಿನ ವರ್ಷ ಅರವತ್ತೆರಡು ಪಾಯಿಂಟ್ ನಾಲ್ಕು, ಆ ವರ್ಷ ಅರವತ್ತೆರಡು ಪಾಯಿಂಟ್ ಎಂಟು. "ವರ್ಷವಿಡೀ ಮುಂದಕ್ಕೆ ಓಡಿ ಹಿಂದಕ್ಕೆ ತಲುಪಿದವರಲ್ಲಿ ನಾನು ನೋಡಿದ್ದು ಇವಳೊಬ್ಬಳನ್ನೇ" ಅಂತ ನಾನು ಎಲ್ಲರೆದುರು ಅಂದೆ. ನೀನು ಮೊಣಕಾಲ ಮೇಲೆ ಕೈಯೂರಿ, ಏದುಸಿರಿನಲ್ಲಿ, "ಅಕ್ಕಾ, ದಾರಿ ಉದ್ದ ಆಗಿದೆ" ಅಂದೆ. ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ. ನಿನ್ನ ಮದುವೆಯಲ್ಲೂ ಹೇಳಿ ನಗಿಸಿದೆ. ನೀನೂ ನಕ್ಕೆ. ಅವತ್ತು ನೀನು ಓಡಿದ್ದು ಅರವತ್ತೊಂದು ಪಾಯಿಂಟ್ ಆರು. ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಬಂದು ನೋಡು. ಮಗಳನ್ನೂ ಕರೆದುಕೊಂಡು ಬಾ, ಅವಳಿಗೆ ಅವಳ ಅಮ್ಮನ ಸಮಯ ಗೊತ್ತಿರಲಿ.